ಅಮೈಡ್–ಹೈಡ್ರೈಡ್ ಮಿಶ್ರಣದಲ್ಲಿ ಹೈಡ್ರೋಜನ್ ತುಂಬಿ ಅಳೆಯುವುದು: ಹಂತ ಹಂತದ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಕಾಲೇಜುಗಳಲ್ಲಿ ಅಮೈಡ್ (ಲೋಹದ ಜೊತೆ NH₂ ಗುಂಪು ಇರುವ ಸಂಯುಕ್ತ) ಮತ್ತು ಹೈಡ್ರೈಡ್ (ಲೋಹದ ಜೊತೆ ಹೈಡ್ರೋಜನ್ ಇರುವ ಸಂಯುಕ್ತ) ಬೆರೆಸಿದ ಪುಡಿಯಲ್ಲಿ ಹೈಡ್ರೋಜನ್ ಸಂಗ್ರಹಿಸುವ ಪ್ರಾಜೆಕ್ಟ್ ಹಿಡಿದವರು ನನಗೆ ತೋರಿಸುವ ಗ್ರಾಫ್‌ಗಳು ಹೆಚ್ಚಾಗಿ ಎರಡೇ ಬಗೆ. ಒಂದರಲ್ಲಿ ಮೊದಲ ಸಲ ಪುಡಿಯ ತೂಕದ ಶೇ. 3ರಷ್ಟು ಹೈಡ್ರೋಜನ್ ಬರುತ್ತದೆ, ಎರಡನೇ ಸಲಕ್ಕೆ ಅದರ ಅರ್ಧ, ಆಮೇಲೆ ಏನೂ ಇಲ್ಲ. ಇನ್ನೊಂದರಲ್ಲಿ ಶೇ. 7 ಬಂದಿರುತ್ತದೆ, ಅಷ್ಟು ಹೈಡ್ರೋಜನ್ ಆ ಪುಡಿಯಲ್ಲಿ ಇರುವುದೇ ಇಲ್ಲ. ಮೊದಲನೆಯವರ ಪುಡಿ ಗಾಳಿ ಕುಡಿದಿದೆ. ಎರಡನೆಯವರು ಅಮೋನಿಯಾವನ್ನು ಹೈಡ್ರೋಜನ್ ಎಂದು ಎಣಿಸಿದ್ದಾರೆ. ಎರಡೂ ತೊಂದರೆ ಕೆಲಸದ ಕ್ರಮ ಸರಿಯಾದರೆ ತಪ್ಪುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಗ್ಲೋವ್ ಬಾಕ್ಸ್ (ಹೊರಗಿನ ಗಾಳಿ ತಾಗದಂತೆ ಗವಸಿನ ಮೂಲಕ ಕೈ ಹಾಕಿ ಕೆಲಸ ಮಾಡುವ ಪೆಟ್ಟಿಗೆ) ಮತ್ತು ಹೆಚ್ಚು ಒತ್ತಡದ ಹೈಡ್ರೋಜನ್ ಲೈನ್ ಇರುವ ಲ್ಯಾಬ್‌ನಲ್ಲಿ, ಗೈಡ್ ಎದುರಿಗಿದ್ದು ಮಾಡುವ ಕೆಲಸ. ನುಣ್ಣಗೆ ಅರೆದ ಈ ಪುಡಿಗಳು ಗಾಳಿ ತಾಗಿದರೆ ತಾವಾಗಿ ಹೊತ್ತಿಕೊಳ್ಳಬಹುದು. ಗ್ಲೋವ್ ಬಾಕ್ಸ್ ಇಲ್ಲದಿದ್ದರೆ ಬೇರೆ ವಿಷಯ ಆರಿಸಿಕೊಳ್ಳಿ.

## ಯಾವ ಮಿಶ್ರಣ ಹಿಡಿಯಬೇಕು

2002ರಲ್ಲಿ ಸಿಂಗಾಪುರದ ತಂಡ ಲಿಥಿಯಂ ನೈಟ್ರೈಡ್ ಹೈಡ್ರೋಜನ್ ಹೀರುತ್ತದೆ ಎಂದು ತೋರಿಸಿತು. ಹೀರಿದ ಮೇಲೆ ಅದು ಲಿಥಿಯಂ ಅಮೈಡ್ ಮತ್ತು ಲಿಥಿಯಂ ಹೈಡ್ರೈಡ್ ಆಗುತ್ತದೆ. ಲೆಕ್ಕದಲ್ಲಿ ಶೇ. 10.4 ಹೈಡ್ರೋಜನ್. ಈ ಅಂಕಿ ನೋಡಿ ಹಲವರು ಅದನ್ನೇ ಹಿಡಿಯುತ್ತಾರೆ. ಆದರೆ ಅದರಲ್ಲಿ ಒಂದು ಪಾಲು 320 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಅದೂ ವ್ಯಾಕ್ಯೂಮ್‌ನಲ್ಲಿ ಮಾತ್ರ ಹೊರಗೆ ಬರುತ್ತದೆ. ಮೊದಲ ಪ್ರಾಜೆಕ್ಟ್‌ಗೆ ಅದು ಬೇಡ.

ಮೆಗ್ನೀಸಿಯಂ ಅಮೈಡ್ 1 ಮೋಲ್, ಲಿಥಿಯಂ ಹೈಡ್ರೈಡ್ 2 ಮೋಲ್ ಇರುವ ಮಿಶ್ರಣ ಹಿಡಿಯಿರಿ. ಲೆಕ್ಕದಲ್ಲಿ ಶೇ. 5.58 ಮಾತ್ರ. ಆದರೆ 200 ಡಿಗ್ರಿ ಆಸುಪಾಸಿನಲ್ಲಿ ಬಿಡುತ್ತದೆ, ಅದೇ ಉಷ್ಣತೆಯಲ್ಲಿ ಮತ್ತೆ ಹೀರುತ್ತದೆ. ಮೆಗ್ನೀಸಿಯಂ ಅಮೈಡ್ ಕೊಳ್ಳಲು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಲಿಥಿಯಂ ಅಮೈಡ್ 2 ಮೋಲ್, ಮೆಗ್ನೀಸಿಯಂ ಹೈಡ್ರೈಡ್ 1 ಮೋಲ್ ಬೆರೆಸಿ ಶುರು ಮಾಡಿ. ಹೈಡ್ರೋಜನ್ ಒತ್ತಡದಲ್ಲಿ ಬಿಸಿ ಮಾಡಿದಾಗ ಇವು ಜೋಡಿ ಬದಲಾಯಿಸಿಕೊಂಡು ನಮಗೆ ಬೇಕಾದ ಮಿಶ್ರಣವೇ ಆಗುತ್ತದೆ.

ಪೊಟ್ಯಾಸಿಯಂ ಹೈಡ್ರೈಡ್ ಚೂರು ಸೇರಿಸಿದರೆ ಉಷ್ಣತೆ ಇನ್ನೂ ಇಳಿಯುತ್ತದೆ ಎಂಬುದು 2009ರಿಂದ ಗೊತ್ತಿರುವ ವಿಷಯ. ಅದನ್ನು ಈಗಲೇ ಮುಟ್ಟಬೇಡಿ. ಏನೂ ಸೇರಿಸದ ಮಿಶ್ರಣ ಐದಾರು ಸಲ ಒಂದೇ ಅಂಕಿ ಕೊಟ್ಟ ಮೇಲೆ ನೋಡಿದರಾಯಿತು.

## ಬೇಕಾದ ಸಾಮಾನು

ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್, ಆಕ್ಸಿಜನ್ ಮತ್ತು ತೇವ ಎರಡೂ 1 ಪಿಪಿಎಂಗಿಂತ (ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ) ಕಡಿಮೆ. ಪ್ಲಾನೆಟರಿ ಬಾಲ್ ಮಿಲ್ (ಗುಂಡು ಹಾಕಿದ ಜಾರ್ ತಿರುಗಿಸಿ ಪುಡಿ ಅರೆಯುವ ಯಂತ್ರ), ಗಾಳಿಯಾಡದಂತೆ ಮುಚ್ಚುವ ಸ್ಟೀಲ್ ಜಾರ್. ಸೀವರ್ಟ್ಸ್ ಉಪಕರಣ, ಅಂದರೆ ಗಾತ್ರ ಗೊತ್ತಿರುವ ಟ್ಯಾಂಕ್, ಸ್ಯಾಂಪಲ್ ಸೆಲ್, ಕವಾಟಗಳು, ಪ್ರೆಷರ್ ಸೆನ್ಸರ್. ಹೈಡ್ರೋಜನ್ ಮತ್ತು ಹೀಲಿಯಂ, ಎರಡೂ 99.999 ಶುದ್ಧ. ಅಮೋನಿಯಾ ಹಿಡಿಯಲು ಬೋರಿಕ್ ಆಮ್ಲ. ಬೆಂಕಿಗೆ ಒಣ ಗ್ರಾಫೈಟ್ ಪುಡಿ. ನೀರು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇವೆರಡನ್ನೂ ಈ ಬೆಂಕಿಯ ಮೇಲೆ ಬಳಸುವಂತಿಲ್ಲ, ಲಿಥಿಯಂ ಎರಡರೊಂದಿಗೂ ಉರಿಯುತ್ತದೆ.

ಸೆಲ್ ಮಾಡಿಸಲು ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ಒಳ್ಳೆಯ ಕೈಗಳಿವೆ. ಆದರೆ ಮೂರು ವಿಷಯ ಬರೆದುಕೊಡಿ: 316 ಸ್ಟೇನ್‌ಲೆಸ್ ಸ್ಟೀಲ್ ಆಗಬೇಕು, ಎಷ್ಟು ಒತ್ತಡ, ಎಷ್ಟು ಉಷ್ಣತೆ. ಎಲ್ಲೂ ಹಿತ್ತಾಳೆ, ತಾಮ್ರ ಬೇಡ. ಅಮೋನಿಯಾ ಅವನ್ನು ತಿಂದುಹಾಕುತ್ತದೆ. ಗ್ಯಾಸ್ಕೆಟ್ ಸ್ಟೀಲ್ ಅಥವಾ ನಿಕಲ್‌ನದಿರಲಿ. ಬಂದ ಸೆಲ್‌ಗೆ ಮೊದಲು ನೀರು ತುಂಬಿ, ಬಳಸುವುದಕ್ಕಿಂತ ಜಾಸ್ತಿ ಒತ್ತಡ ಕೊಟ್ಟು ಪರೀಕ್ಷಿಸಿ. ಲೈನಿನಲ್ಲಿ ಒತ್ತಡ ಮೀರಿದರೆ ತೆರೆದುಕೊಳ್ಳುವ ಸುರಕ್ಷಾ ಕವಾಟ ಇರಲೇಬೇಕು.

## ಹಂತ 1: ಬಾಟಲಿ ತೆರೆಯುವ ಮೊದಲು ಖಾಲಿ ಉಪಕರಣವನ್ನು ನಂಬುವಂತೆ ಮಾಡಿ

ಬಹಳ ಜನ ಪುಡಿ ತಯಾರಿಸಿ ಆಮೇಲೆ ಉಪಕರಣ ಸರಿಪಡಿಸಲು ಕೂರುತ್ತಾರೆ. ಅಷ್ಟರಲ್ಲಿ ಪುಡಿ ಹಳತಾಗಿರುತ್ತದೆ. ಮೊದಲು ಉಪಕರಣ.

ಟ್ಯಾಂಕಿನ ಗಾತ್ರ, ಸೆಲ್ಲಿನ ಗಾತ್ರ ಎರಡನ್ನೂ ಹೀಲಿಯಂ ಹಿಗ್ಗಿಸಿ ಅಳೆಯಿರಿ. ಒಂದು ಸಲ ಸಾಲದು, ಬೇರೆ ಬೇರೆ ಒತ್ತಡದಲ್ಲಿ ಅಳೆದು ಒಂದೇ ಉತ್ತರ ಬರುತ್ತದೆಯೇ ನೋಡಿ. ಆಮೇಲೆ 100 ಬಾರ್ ಹೈಡ್ರೋಜನ್ ತುಂಬಿ ರಾತ್ರಿಯಿಡೀ ಬಿಟ್ಟು ಸೋರಿಕೆ ನೋಡಿ. ಹೀಲಿಯಂನಲ್ಲಿ ಸೋರದ ಜೋಡಣೆ ಬಿಸಿಯಾದಾಗ ಸೋರಬಹುದು. ಆದ್ದರಿಂದ ಸೆಲ್ಲನ್ನು 220 ಡಿಗ್ರಿಗೆ ಏರಿಸಿಯೂ ನೋಡಬೇಕು.

ಈಗ ಖಾಲಿ ಓಟ. ಸೆಲ್ಲಿನಲ್ಲಿ ಪುಡಿಯ ಜಾಗಕ್ಕೆ ಅಷ್ಟೇ ಗಾತ್ರದ ಒಣ ಅಲ್ಯೂಮಿನಾ ಹಾಕಿ. ನಿಜವಾದ ಪ್ರಯೋಗದಲ್ಲಿ ಏನೇನು ಮಾಡುತ್ತೀರೋ ಎಲ್ಲ ಮಾಡಿ. ಅಲ್ಯೂಮಿನಾ ಹೈಡ್ರೋಜನ್ ಹೀರುವುದಿಲ್ಲ. ಆದರೂ ಲೆಕ್ಕದಲ್ಲಿ ಶೇ. 1 ಹೀರಿದಂತೆ ಬಂದರೆ ನಿಮ್ಮ ಉಪಕರಣ ಶೇ. 1ರಷ್ಟು ಸುಳ್ಳು ಹೇಳುತ್ತಿದೆ ಎಂದರ್ಥ. ಇದು ಸರಿಹೋಗುವವರೆಗೆ ಮುಂದೆ ಹೋಗಬೇಡಿ.

ಎಷ್ಟು ಸೂಕ್ಷ್ಮ ಎನ್ನಲು ಒಂದು ಲೆಕ್ಕ. ಅರ್ಧ ಗ್ರಾಂ ಮಿಶ್ರಣ ಪೂರ್ತಿ ಹೀರಿದರೂ 28 ಮಿಲಿಗ್ರಾಂ ಹೈಡ್ರೋಜನ್, ಅಂದರೆ ಸುಮಾರು 14 ಮಿಲಿಮೋಲ್. ಅದೇ 100 ಎಂಎಲ್ ಟ್ಯಾಂಕಿನಲ್ಲಿ 100 ಬಾರ್‌ಗೆ ಇರುವ ಹೈಡ್ರೋಜನ್ 380 ಮಿಲಿಮೋಲ್. ಟ್ಯಾಂಕಿನ ಉಷ್ಣತೆ 1 ಡಿಗ್ರಿ ತಪ್ಪಾಗಿ ಹಿಡಿದರೆ 1.3 ಮಿಲಿಮೋಲ್ ತಪ್ಪು. ನೀವು ಅಳೆಯಲು ಹೊರಟ ಹೈಡ್ರೋಜನ್‌ನಲ್ಲಿ ಅದು ಶೇ. 9! ವಿಜಯಪುರದ ಮೇ ತಿಂಗಳ ಮಧ್ಯಾಹ್ನ ಎಸಿ ಆನ್ ಆಗಿ ಆಫ್ ಆಗುವಾಗ ಕೋಣೆಯ ಉಷ್ಣತೆ ಎಷ್ಟು ಏರಿಳಿಯುತ್ತದೆ, ನೀವೇ ನೋಡಿ. ಟ್ಯಾಂಕನ್ನು ನೀರಿನ ತೊಟ್ಟಿಯಲ್ಲಿ ಇಡಿ, ಇಲ್ಲವೇ ದಪ್ಪ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮುಚ್ಚಿ. ಉಷ್ಣತೆಯನ್ನು ಟ್ಯಾಂಕಿನ ಮೈಮೇಲೆ ಅಳೆಯಿರಿ, ಗೋಡೆಯ ಮೇಲಿನ ಥರ್ಮಾಮೀಟರ್ ನೋಡಿ ಬರೆಯಬೇಡಿ.

ಇನ್ನೆರಡು ತಪ್ಪು. 100 ಬಾರ್‌ನಲ್ಲಿ ಹೈಡ್ರೋಜನ್ ಆದರ್ಶ ಅನಿಲದ ಸೂತ್ರಕ್ಕೆ ಬಗ್ಗುವುದಿಲ್ಲ, 25 ಡಿಗ್ರಿಯಲ್ಲಿ ಶೇ. 6ರಷ್ಟು ವ್ಯತ್ಯಾಸ ಬರುತ್ತದೆ. ಆ ತಿದ್ದುಪಡಿ ಬಿಟ್ಟರೆ ಲೆಕ್ಕದ ತಪ್ಪು ಸ್ಯಾಂಪಲ್ ಹೀರಿದ್ದಕ್ಕಿಂತಲೂ ದೊಡ್ಡದಾಗಬಹುದು. ಎರಡನೆಯದು ನಮ್ಮ ಊರಿನದೇ ತಪ್ಪು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಇಲ್ಲಿನ ಗಾಳಿಯ ಒತ್ತಡ 0.92ರಿಂದ 0.93 ಬಾರ್. ಗೇಜ್ ತೋರಿಸಿದ್ದಕ್ಕೆ ಪುಸ್ತಕದ 1.013 ಸೇರಿಸುತ್ತಾರೆ, ಆದರೆ ವ್ಯಾಕ್ಯೂಮ್ ಮಾಡಿದ ಆರಂಭವನ್ನು ಸೊನ್ನೆ ಎಂದೇ ಹಿಡಿಯುತ್ತಾರೆ. ಅಲ್ಲಿಗೆ 0.09 ಬಾರ್ ಸುಮ್ನೆ ಸೇರಿಕೊಂಡಿತು. ವ್ಯಾಕ್ಯೂಮ್‌ನಿಂದಲೇ ಎಣಿಸುವ ಸೆನ್ಸರ್ ಕೊಂಡರೆ ಈ ರಗಳೆಯೇ ಇಲ್ಲ.

## ಹಂತ 2: ಆರ್ಗಾನ್ ಮತ್ತು ಗ್ಲೋವ್ ಬಾಕ್ಸ್

ಆರ್ಗಾನ್ ಸಿಲಿಂಡರ್ ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ, ವೆಲ್ಡಿಂಗ್ ಮಾಡುವವರ ಬಳಿಯೂ ಇರುತ್ತದೆ. ಆ ವೆಲ್ಡಿಂಗ್ ಆರ್ಗಾನ್ ಇಲ್ಲಿ ಬೇಡ. 99.999 ಶುದ್ಧತೆಯ ಪ್ರಮಾಣಪತ್ರ ಇರುವುದನ್ನೇ ತರಿಸಿ. ಹಣ ಉಳಿಸಲು ಸಾರಜನಕ ತುಂಬುತ್ತೇವೆ ಎನ್ನುವವರೂ ಇದ್ದಾರೆ. ಲಿಥಿಯಂ ಸಂಯುಕ್ತಗಳ ಕೆಲಸಕ್ಕೆ ಆರ್ಗಾನ್ ಒಂದೇ ಸರಿ.

ಬೆಳಗಾವಿಯ ಮಳೆಗಾಲದಲ್ಲಿ ಕಾಗದ, ಟಿಶ್ಯೂ, ಕೈಗವಸು, ತೂಕದ ಡಬ್ಬಿ ಎಲ್ಲದರಲ್ಲೂ ತೇವ ಕೂತಿರುತ್ತದೆ. ಒಳಗೆ ಹೋಗುವ ಪ್ರತಿಯೊಂದನ್ನೂ 80 ಡಿಗ್ರಿ ಓವನ್‌ನಲ್ಲಿ ರಾತ್ರಿ ಇಟ್ಟು, ಬಿಸಿ ಇರುವಾಗಲೇ ಬಾಕ್ಸಿಗೆ ಅಂಟಿಕೊಂಡಿರುವ ಸಣ್ಣ ಕೋಣೆಗೆ (ಆಂಟಿಚೇಂಬರ್) ಹಾಕಿ ವ್ಯಾಕ್ಯೂಮ್ ಎಳೆಯಿರಿ. ಮುಚ್ಚಿದ ಖಾಲಿ ಡಬ್ಬಿಯನ್ನು ಎಂದೂ ಒಳಗೆ ತರಬೇಡಿ, ಅದರೊಳಗಿನ ಗಾಳಿಯೂ ಬರುತ್ತದೆ.

ಎಚ್ಚರಿಕೆಯ ಲಕ್ಷಣ: ನೀವು ಕೈ ಹಾಕಿ ಕೆಲಸ ಮಾಡುವಾಗಲಷ್ಟೇ ಆಕ್ಸಿಜನ್ ಅಂಕಿ ಏರುತ್ತದೆ ಎಂದರೆ ಗವಸಿನಲ್ಲಿ ಸಣ್ಣ ತೂತಿದೆ. ಕರೆಂಟ್ ಹೋಗಿ ಬಂದ ಮೇಲೆ ಅಂಕಿ ಸರಿಯಿದ್ದರೂ ಒಂದು ಗಂಟೆ ಕಾಯಿರಿ.

## ಹಂತ 3: ಕೊಂಡು ತಂದ ಪುಡಿಯನ್ನು ಮೊದಲು ಪರೀಕ್ಷಿಸಿ

ಹೊಸ ಬಾಟಲಿ ಎಂದರೆ ಶುದ್ಧ ಎಂದೇನಲ್ಲ. ಲಿಥಿಯಂ ಅಮೈಡ್‌ಗೆ ತೇವ ತಾಗಿದರೆ ಲಿಥಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಾ ಆಗುತ್ತದೆ. ಪೊಟ್ಟಣ ಬಿಚ್ಚುವಾಗಲೇ ಅಮೋನಿಯಾದ ವಾಸನೆ ಬಂದರೆ ಸೀಲ್ ಹೋಗಿದೆ, ವಾಪಸ್ ಕಳಿಸಿ.

ಐಆರ್ (ಇನ್‌ಫ್ರಾರೆಡ್ ಕಿರಣದಿಂದ ಸಂಯುಕ್ತ ಗುರುತಿಸುವ ಪರೀಕ್ಷೆ) ತೆಗೆಯಿರಿ. ಒಳ್ಳೆಯ ಲಿಥಿಯಂ ಅಮೈಡ್‌ನಲ್ಲಿ 3258 ಮತ್ತು 3312 cm⁻¹ ಹತ್ತಿರ ಎರಡು ಚೂಪಾದ ಗೆರೆ ಕಾಣುತ್ತವೆ. 3670ರ ಆಸುಪಾಸಿನಲ್ಲಿ ಇನ್ನೊಂದು ಚೂಪು ಗೆರೆ ಎದ್ದಿದ್ದರೆ ಅದು ಹೈಡ್ರಾಕ್ಸೈಡ್. ಮೆಗ್ನೀಸಿಯಂ ಹೈಡ್ರೈಡ್‌ಗೆ ಎಕ್ಸ್‌ಆರ್‌ಡಿ (ಎಕ್ಸ್-ರೇ ಚದುರುವ ಕೋನದಿಂದ ಹರಳು ಗುರುತಿಸುವ ಪರೀಕ್ಷೆ) ಸಾಕು: ತಾಮ್ರದ ಕಿರಣದಲ್ಲಿ 27.9 ಡಿಗ್ರಿಗೆ ಹೈಡ್ರೈಡ್, 36.6ಕ್ಕೆ ಉಳಿದುಕೊಂಡ ಮೆಗ್ನೀಸಿಯಂ ಲೋಹ. ಸ್ಯಾಂಪಲ್ ಹೋಲ್ಡರ್ ಮೇಲೆ ಗಾಳಿಯಾಡದ ಹಾಳೆ ಅಂಟಿಸಿ ಕೊಂಡೊಯ್ಯಿರಿ. ಬೇರೆ ಕಾಲೇಜಿನ ಯಂತ್ರಕ್ಕೆ ಬಸ್ಸಿನಲ್ಲಿ ಒಯ್ಯುವ ಯೋಚನೆ ಬಿಟ್ಟುಬಿಡಿ, ಅಪಾಯಕಾರಿ ರಾಸಾಯನಿಕ ಸಾಗಿಸುವ ನಿಯಮದಂತೆ ಲ್ಯಾಬ್ ಮೂಲಕವೇ ಕಳಿಸಬೇಕು.

ಸೋಡಿಯಂ ಅಥವಾ ಪೊಟ್ಯಾಸಿಯಂ ಅಮೈಡ್‌ನ ಹಳೆಯ ಬಾಟಲಿ ಕಪಾಟಿನಲ್ಲಿ ಸಿಕ್ಕಿ, ಪುಡಿ ಹಳದಿ ಅಥವಾ ಕಂದು ಆಗಿದ್ದರೆ ಮುಚ್ಚಳ ತಿರುಗಿಸಲೂ ಹೋಗಬೇಡಿ. ಅದು ಸಿಡಿಯಬಹುದು. ಗೈಡ್‌ಗೆ, ಸುರಕ್ಷಾ ಅಧಿಕಾರಿಗೆ ಹೇಳಿ.

## ಹಂತ 4: ತೂಕ ಮತ್ತು ಅರೆಯುವುದು

2 ಗ್ರಾಂ ಮಿಶ್ರಣಕ್ಕೆ ಲಿಥಿಯಂ ಅಮೈಡ್ 1.27 ಗ್ರಾಂ, ಮೆಗ್ನೀಸಿಯಂ ಹೈಡ್ರೈಡ್ 0.73 ಗ್ರಾಂ. ಇದು ಪೂರ್ತಿ ಶುದ್ಧ ಪುಡಿಯ ಲೆಕ್ಕ. ಬಾಟಲಿ ಮೇಲೆ ಶೇ. 95 ಎಂದಿದ್ದರೆ 1.34 ಮತ್ತು 0.77 ಗ್ರಾಂ ಹಾಕಬೇಕು. ಇದರ ಮೇಲೆ ಲಿಥಿಯಂ ಹೈಡ್ರೈಡ್ ಸುಮಾರು 0.045 ಗ್ರಾಂ ಹೆಚ್ಚುವರಿ ಹಾಕಿ. ತಪ್ಪಿಸಿಕೊಳ್ಳುವ ಅಮೋನಿಯಾವನ್ನು ಹಿಡಿಯುವ ಕೆಲಸ ಇದರದು.

ಈಗ ನಿಮ್ಮ ಪುಡಿಯ ಗರಿಷ್ಠ ಎಷ್ಟು? ಒಟ್ಟು ತೂಕ 2.15 ಗ್ರಾಂ ಆಯಿತು, ಅದರಲ್ಲಿ ಹೊರಬರಬಹುದಾದ ಹೈಡ್ರೋಜನ್ 0.112 ಗ್ರಾಂ. ಅಂದರೆ ಶೇ. 5.2. ಈ ಅಂಕಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಮುಂದೆ ಇದಕ್ಕಿಂತ ಜಾಸ್ತಿ ಬಂದರೆ ಖುಷಿಪಡುವ ಬದಲು ತಪ್ಪು ಹುಡುಕಲು ಕೂರಬೇಕು.

ಪುಡಿಯ ತೂಕದ 40 ಪಟ್ಟು ಸ್ಟೀಲ್ ಗುಂಡು ಹಾಕಿ. ನಿಮಿಷಕ್ಕೆ 200ರಿಂದ 300 ಸುತ್ತು. 15 ನಿಮಿಷ ಅರೆದು 15 ನಿಮಿಷ ಬಿಡುವು, ಹೀಗೆ ಒಟ್ಟು 5ರಿಂದ 10 ಗಂಟೆ ಅರೆಯಬೇಕು. ಬಿಡುವು ತಪ್ಪಿಸಿ ಬೇಗ ಮುಗಿಸಲು ಹೋದರೆ ಜಾರ್ ಬಿಸಿಯಾಗಿ ಒಳಗೇ ಅಮೋನಿಯಾ ಬಿಡುಗಡೆಯಾಗುತ್ತದೆ. ಮಿಲ್ ನಿಂತ ಮೇಲೆ ಜಾರ್ ಪೂರ್ತಿ ತಣ್ಣಗಾಗಲಿ. ಅದನ್ನು ಗ್ಲೋವ್ ಬಾಕ್ಸಿನೊಳಗೆ ತಂದು, ಬಾಕ್ಸಿನ ಶುದ್ಧೀಕರಣ ಬಂದ್ ಮಾಡಿ, ಕವಾಟವನ್ನು ನಿಧಾನಕ್ಕೆ ಸಡಿಲಿಸಿ. ಒಳಗೆ ಒತ್ತಡ ಇರುತ್ತದೆ.

ಜಾರ್ ತೆರೆದಾಗ ಹೇಗಿರಬೇಕು? ಬೂದು ಬಣ್ಣದ ನುಣ್ಣನೆ ಪುಡಿ ಸಡಿಲವಾಗಿ ಬೀಳಬೇಕು. ಗೋಡೆಗೆ ಗಟ್ಟಿ ಹಿಡಿದು ಚಮಚದಿಂದ ಕೆರೆಯಬೇಕಾಗಿ ಬಂದರೆ ಬಿಸಿ ಜಾಸ್ತಿಯಾಗಿದೆ, ಅಥವಾ ತೇವ ಸೇರಿದೆ. ರಬ್ಬರ್ ಉಂಗುರದ ಸುತ್ತ ಬಿಳಿ ಗೆರೆ ಕಂಡರೆ ಅಲ್ಲಿ ಗಾಳಿ ಒಳಗೆ ಬಂದಿದೆ. ಆ ಪುಡಿಯನ್ನು ಅಳೆಯುವುದು ವ್ಯರ್ಥ, ಹೊಸದಾಗಿ ಮಾಡಿ.

## ಹಂತ 5: ಸೆಲ್ಲಿಗೆ ತುಂಬುವುದು

ಅರ್ಧ ಗ್ರಾಂ ಸಾಕು. ಜಾಸ್ತಿ ಹಾಕಿದರೆ ಹೀರುವಾಗ ಪುಡಿ ತಾನೇ ಬಿಸಿಯಾಗಿ ನಿಮ್ಮ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಒಂದು ಹೇಳಿದರೆ ಒಳಗೆ ಇನ್ನೊಂದು ಇರುತ್ತದೆ. ಸೆಲ್ಲಿನ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಬಾಯಿಗೆ ಸಣ್ಣ ರಂಧ್ರದ ಸ್ಟೀಲ್ ಫಿಲ್ಟರ್ ಹಾಕಿ, ಇಲ್ಲದಿದ್ದರೆ ವ್ಯಾಕ್ಯೂಮ್ ಎಳೆದಾಗ ಪುಡಿ ಹಾರಿ ಕವಾಟಕ್ಕೆ ಕೂರುತ್ತದೆ. ಗಾಜಿನ ಉಣ್ಣೆ ಬೇಡ, ಬಿಸಿಯಲ್ಲಿ ಲಿಥಿಯಂ ಹೈಡ್ರೈಡ್ ಗಾಜನ್ನು ಬಿಡುವುದಿಲ್ಲ. ಸೆಲ್ಲಿನ ಕವಾಟವನ್ನು ಬಾಕ್ಸಿನೊಳಗೇ ಮುಚ್ಚಿ ಹೊರತನ್ನಿ. ಲೈನಿಗೆ ಜೋಡಿಸಿ, ನಡುವಿನ ಗಾಳಿಯನ್ನು ಹಲವು ಸಲ ವ್ಯಾಕ್ಯೂಮ್ ಮಾಡಿ ತೆಗೆದ ಮೇಲೇ ಕವಾಟ ತೆರೆಯಿರಿ.

## ಹಂತ 6: ಮೊದಲ ಬಿಸಿ ಹೈಡ್ರೋಜನ್ ಒತ್ತಡದಲ್ಲೇ

ಹೆಚ್ಚು ಜನ ಕೆಡಿಸಿಕೊಳ್ಳುವುದು ಇಲ್ಲಿ. ಪುಡಿ ಸಿದ್ಧವಾಗಿದೆ, ಬಿಸಿ ಮಾಡಿ ಹೈಡ್ರೋಜನ್ ಎಷ್ಟು ಬರುತ್ತದೆ ನೋಡೋಣ ಎಂಬ ಆತುರ. ವ್ಯಾಕ್ಯೂಮ್‌ನಲ್ಲೋ ಆರ್ಗಾನ್‌ನಲ್ಲೋ ಸೀದಾ ಬಿಸಿ ಮಾಡುತ್ತಾರೆ.

ಒಳಗೆ ನಡೆಯುವುದು ಏನೆಂದರೆ, ಅಮೈಡ್ ಬಿಸಿಯಾದಾಗ ಅಮೋನಿಯಾ ಬಿಡುತ್ತದೆ. ಈ ಕೆಲಸ ನಿಧಾನ. ಆ ಅಮೋನಿಯಾ ಪಕ್ಕದ ಲಿಥಿಯಂ ಹೈಡ್ರೈಡ್ ಕಣಕ್ಕೆ ತಾಗಿದ ಕೂಡಲೇ ಹೈಡ್ರೋಜನ್ ಆಗಿ ಹೊರಡುತ್ತದೆ. ಈ ಕೆಲಸ ಬಹಳ ವೇಗ. ಚೆನ್ನಾಗಿ ಅರೆದು ಬೆರೆತಿದ್ದರೆ ಅಮೋನಿಯಾಗೆ ದಾರಿಯಲ್ಲೇ ಹೈಡ್ರೈಡ್ ಸಿಗುತ್ತದೆ. ನಿಮ್ಮ ಪುಡಿಯಲ್ಲಿ ಸದ್ಯ ಇರುವುದು ಚೂರೇ ಚೂರು ಲಿಥಿಯಂ ಹೈಡ್ರೈಡ್. ಉಳಿದ ಹೈಡ್ರೈಡ್ ಎಲ್ಲ ಮೆಗ್ನೀಸಿಯಂನದು, ಅದು ಅಮೋನಿಯಾವನ್ನು ಅಷ್ಟು ಬೇಗ ಹಿಡಿಯುವುದಿಲ್ಲ. ಸೀದಾ ಬಿಸಿ ಮಾಡಿದರೆ ಅಮೋನಿಯಾ ಹೊರಗೆ ಹೋಗುತ್ತದೆ, ಅದರ ಜೊತೆ ಸಾರಜನಕವೂ. ಹೋದ ಸಾರಜನಕ ವಾಪಸ್ ಬರುವುದಿಲ್ಲ.

ಆದ್ದರಿಂದ ತಣ್ಣಗಿರುವಾಗಲೇ 100 ಬಾರ್ ಹೈಡ್ರೋಜನ್ ತುಂಬಿ. ನಿಮಿಷಕ್ಕೆ 2 ಡಿಗ್ರಿಯಂತೆ 220ಕ್ಕೆ ಏರಿಸಿ, ಕೆಲವು ಗಂಟೆ ಬಿಡಿ. ಈ ಒತ್ತಡದಲ್ಲಿ ಪುಡಿ ಹೈಡ್ರೋಜನ್ ಬಿಡಲಾರದು, ಜೋಡಿ ಬದಲಾವಣೆ ಮಾತ್ರ ನಡೆಯುತ್ತದೆ. ಒತ್ತಡ ಇಳಿಸದೆಯೇ ತಣ್ಣಗೆ ಮಾಡಿ. ಚಿಟಿಕೆ ಪುಡಿಯ ಐಆರ್ ನೋಡಿ: 3272, 3326ರ ಹತ್ತಿರ ಗೆರೆ ಬಂದಿದ್ದರೆ ಮೆಗ್ನೀಸಿಯಂ ಅಮೈಡ್ ಆಗಿದೆ. ಎಕ್ಸ್‌ಆರ್‌ಡಿಯಲ್ಲಿ ಮೆಗ್ನೀಸಿಯಂ ಅಮೈಡ್ ಕಾಣದಿದ್ದರೆ ಹೆದರಬೇಡಿ, ಅರೆದ ಪುಡಿಯಲ್ಲಿ ಅದು ಹರಳಾಗಿ ಕೂರದೆ ಇರಬಹುದು.

## ಹಂತ 7: ಬಿಡುವಾಗ ಅಳೆಯಿರಿ

ಹೀರುವಾಗಿನ ಅಂಕಿಗಿಂತ ಬಿಡುವಾಗಿನ ಅಂಕಿಯನ್ನು ನಾನು ಹೆಚ್ಚು ನಂಬುತ್ತೇನೆ. ಹೀರುವಾಗ 380 ಮಿಲಿಮೋಲ್‌ನಲ್ಲಿ 14 ಕಡಿಮೆಯಾಗಿದ್ದನ್ನು ಹುಡುಕಬೇಕು. ಬಿಡುವಾಗ ಟ್ಯಾಂಕ್ ಖಾಲಿ. 14 ಮಿಲಿಮೋಲ್ ಬಂದರೆ 100 ಎಂಎಲ್‌ನಲ್ಲಿ ಒತ್ತಡ ಸುಮಾರು 3.4 ಬಾರ್ ಏರುತ್ತದೆ, ಕಣ್ಣಿಗೇ ಕಾಣುತ್ತದೆ.

ತಣ್ಣಗಿರುವಾಗ ಒತ್ತಡ ಇಳಿಸಿ, ಟ್ಯಾಂಕನ್ನು ವ್ಯಾಕ್ಯೂಮ್ ಮಾಡಿ, ಪಂಪ್ ಮುಚ್ಚಿ. ಆಮೇಲೆ ಬಿಸಿ. ಪಂಪ್ ಓಡುತ್ತಿರುವಾಗ ಬಿಸಿ ಮಾಡಬಾರದು, ಲಿಥಿಯಂ ಹೈಡ್ರೈಡ್ ತಾಗುವ ಮುಂಚೆಯೇ ಅಮೋನಿಯಾವನ್ನು ಪಂಪ್ ಎಳೆದುಬಿಡುತ್ತದೆ. 200 ಡಿಗ್ರಿಯಲ್ಲಿ ಈ ಮಿಶ್ರಣದ ಸಮತೋಲನ ಒತ್ತಡ 30 ಬಾರ್ ಆಸುಪಾಸು. ಟ್ಯಾಂಕ್ ತೀರಾ ಸಣ್ಣದಿದ್ದರೆ ಒತ್ತಡ ಅದರ ಹತ್ತಿರಕ್ಕೆ ಏರಿ ಬಿಡುಗಡೆ ನಿಂತುಹೋಗುತ್ತದೆ, ಪುಡಿ ಮುಗಿಯಿತು ಎಂದು ನೀವು ತಪ್ಪು ತಿಳಿಯುತ್ತೀರಿ.

ವಾಪಸ್ ತುಂಬಲು 180ರಿಂದ 200 ಡಿಗ್ರಿ, 100 ಬಾರ್. ಅಷ್ಟೇ.

## ಹಂತ 8: ಅಮೋನಿಯಾ ಲೆಕ್ಕ ಕೊಡದೆ ಹೈಡ್ರೋಜನ್ ಲೆಕ್ಕ ಕೊಡಬೇಡಿ

ಒತ್ತಡದ ಸೆನ್ಸರ್‌ಗೆ ಅಮೋನಿಯಾ, ಹೈಡ್ರೋಜನ್ ಎರಡೂ ಒಂದೇ. ತೂಕ ಇಳಿಯುವುದನ್ನು ಅಳೆಯುವ ಟಿಜಿಎ ಇನ್ನೂ ಮೋಸ. ಅಮೋನಿಯಾ ಅಣು ಹೈಡ್ರೋಜನ್ ಅಣುವಿಗಿಂತ ಎಂಟೂವರೆ ಪಟ್ಟು ಭಾರ. ಹೊರಬಂದ 100 ಅಣುಗಳಲ್ಲಿ 5 ಅಮೋನಿಯಾ ಇದ್ದರೆ ಇಳಿದ ತೂಕದಲ್ಲಿ ಶೇ. 31 ಅಮೋನಿಯಾದ್ದೇ! ಶೇ. 7 ಬಂದ ಗ್ರಾಫ್‌ಗಳು ಹುಟ್ಟುವುದು ಹೀಗೆ.

ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳನ್ನು ತೂಕದಂತೆ ಬೇರ್ಪಡಿಸಿ ತೋರಿಸುವ ಯಂತ್ರ) ಇದ್ದರೆ ಅಮೋನಿಯಾದ ತೂಕವಾದ 17ರ ಗೆರೆ ನೋಡುತ್ತಾರೆ. ನೀರಿನ ಆವಿಯೂ 17ರಲ್ಲಿ ಕಾಣಿಸಿಕೊಳ್ಳುತ್ತದೆ. 18 ಮತ್ತು 16ನ್ನೂ ಜೊತೆಗೆ ದಾಖಲಿಸಿ.

ಇಲ್ಲದಿದ್ದರೆ ಚಿಂತೆ ಬೇಡ, ಮಣ್ಣು ಪರೀಕ್ಷೆ ಮಾಡುವವರನ್ನು ಕೇಳಿ. ಮಣ್ಣಿನ ಸಾರಜನಕ ಅಳೆಯುವ ಕೆಲ್ಡಾಲ್ ವಿಧಾನದ ಕೊನೆಯ ಭಾಗ ನಮಗೂ ಸಾಕು, ಕೃಷಿ ಮತ್ತು ತೋಟಗಾರಿಕೆ ಓದುವವರಿಗೆ ಅದು ಬಾಯಿಪಾಠ. ಟ್ಯಾಂಕಿನ ಅನಿಲವನ್ನು ನಿಧಾನಕ್ಕೆ ಬೋರಿಕ್ ಆಮ್ಲದ ದ್ರಾವಣದೊಳಗೆ ಗುಳ್ಳೆಯಾಗಿ ಬಿಡಿ, ಆರ್ಗಾನ್‌ನಿಂದ ಲೈನನ್ನು ತೊಳೆದು ಅದನ್ನೂ ಅದರಲ್ಲೇ ಬಿಡಿ, ಆಮೇಲೆ 0.01 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಟೈಟ್ರೇಶನ್ ಮಾಡಿ. ದ್ರಾವಣ ಲೈನಿನೊಳಗೆ ಹಿಂದಕ್ಕೆ ಎಳೆಯದಂತೆ ನಡುವೆ ಒಂದು ಖಾಲಿ ಬಾಟಲಿ ಇರಲಿ. ನೀರು ಸೆಲ್ಲಿಗೆ ಹೋದರೆ ಬೆಂಕಿ ಗ್ಯಾರಂಟಿ. ಹೊರಬರುವ ಹೈಡ್ರೋಜನ್ ಫ್ಯೂಮ್ ಹುಡ್‌ನಲ್ಲೇ ಹೋಗಲಿ.

ಅರ್ಧ ಗ್ರಾಂ ಪುಡಿಗೆ ಆಮ್ಲ 1.4 ಎಂಎಲ್ ಖರ್ಚಾದರೆ ಅಮೋನಿಯಾ 0.014 ಮಿಲಿಮೋಲ್. ಈ ಪುಡಿಯಲ್ಲಿರುವ ಸಾರಜನಕದಲ್ಲಿ ಅದು ಸುಮಾರು ಸಾವಿರಕ್ಕೆ ಒಂದು ಪಾಲು. ಕಡಿಮೆ ಅನ್ನಿಸುತ್ತದೆ ಅಲ್ವಾ? ಪ್ರತಿ ಸಲವೂ ಇಷ್ಟು ಹೋದರೆ 100 ಸಲ ತುಂಬಿ ಬಿಡುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲು ಖಾಲಿ. ಇನ್ನು ಫ್ಯೂಯಲ್ ಸೆಲ್ ವಾಹನಕ್ಕೆ ಕೊಡುವ ಹೈಡ್ರೋಜನ್‌ನಲ್ಲಿ ಅಮೋನಿಯಾ 0.1 ಪಿಪಿಎಂ ದಾಟಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ. ನಿಮ್ಮ ಪುಡಿ ಅದಕ್ಕೆ ಬಹಳ ದೂರ ಇದೆ ಎಂಬುದನ್ನು ವರದಿಯಲ್ಲಿ ಬರೆಯಲು ಹಿಂಜರಿಯಬೇಡಿ.

## ಹಂತ 9: ಅಂಕಿ ಇಳಿದರೆ ಕಾರಣ ಹುಡುಕುವುದು

ಮೊದಲ ಸಲವೇ ಶೇ. 3ಕ್ಕಿಂತ ಕಡಿಮೆ ಬಂದರೆ ಎಕ್ಸ್‌ಆರ್‌ಡಿಯಲ್ಲಿ 33.6 ಡಿಗ್ರಿ ನೋಡಿ. ಅಲ್ಲಿ ಗೆರೆ ಇದ್ದರೆ ಲಿಥಿಯಂ ಆಕ್ಸೈಡ್, ಅಂದರೆ ಗಾಳಿ. 42.9ರಲ್ಲಿ ಇದ್ದರೆ ಮೆಗ್ನೀಸಿಯಂ ಆಕ್ಸೈಡ್, ಕಾರಣ ಅದೇ. ಹಂತ 2ಕ್ಕೆ ವಾಪಸ್ ಹೋಗಿ.

ಮೊದಲ ಸಲ ಚೆನ್ನಾಗಿ ಬಂದು ಆಮೇಲೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದು, ಟೈಟ್ರೇಶನ್‌ನಲ್ಲೂ ಅಮೋನಿಯಾ ಸಿಗುತ್ತಿದ್ದರೆ ಬೆರೆತದ್ದು ಸಾಲದು, ಅಥವಾ ಹೆಚ್ಚುವರಿ ಹೈಡ್ರೈಡ್ ಕಡಿಮೆ. ಅಮೋನಿಯಾ ಸಿಗದೆ ಇಳಿಯುತ್ತಿದ್ದರೆ ನಿಮ್ಮ ಹೈಡ್ರೋಜನ್ ಸಿಲಿಂಡರ್ ಅನುಮಾನಿಸಿ. ಅದರಲ್ಲಿನ ತೇವ ಪ್ರತಿ ಸಲ ತುಂಬುವಾಗ ಪುಡಿಗೆ ಸೇರುತ್ತಿರಬಹುದು. ಪ್ರಮಾಣ ಹಾಗೇ ಇದ್ದು ವೇಗ ಮಾತ್ರ ಇಳಿದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿವೆ.

ಪ್ರತಿ ಓಟಕ್ಕೂ ಆಕ್ಸಿಜನ್, ತೇವದ ಅಂಕಿ, ಟ್ಯಾಂಕಿನ ಉಷ್ಣತೆ, ಸಿಲಿಂಡರ್ ನಂಬರ್, ಟೈಟ್ರೇಶನ್ ಅಂಕಿ ಬರೆದಿಟ್ಟಿದ್ದರೆ ಈ ಹುಡುಕಾಟ ಒಂದು ಮಧ್ಯಾಹ್ನದ ಕೆಲಸ.

## ಹಂತ 10: ಉಳಿದ ಪುಡಿಯನ್ನು ಕೊಲ್ಲುವುದು

ಕಸದ ಡಬ್ಬಿಗೂ ಬೇಡ, ಸಿಂಕಿಗೂ ಬೇಡ. ಗ್ಲೋವ್ ಬಾಕ್ಸಿನೊಳಗೇ ಪುಡಿಯನ್ನು ಒಣ ಟಾಲ್ಯೂಯಿನ್‌ನಲ್ಲಿ ಮುಳುಗಿಸಿ ಮುಚ್ಚಿ. ಹೊರತಂದು ಫ್ಯೂಮ್ ಹುಡ್‌ನಲ್ಲಿ, ಐಸ್ ನೀರಿನ ತೊಟ್ಟಿಯಲ್ಲಿ ಇಟ್ಟು, ಆರ್ಗಾನ್ ಹರಿಸುತ್ತಾ ಐಸೋಪ್ರೊಪೈಲ್ ಆಲ್ಕೋಹಾಲ್ ತೊಟ್ಟು ತೊಟ್ಟಾಗಿ ಹಾಕಿ. ಹೈಡ್ರೋಜನ್, ಅಮೋನಿಯಾ ಎರಡೂ ಬರುತ್ತವೆ, ಹತ್ತಿರ ಯಾವ ಹೀಟರ್ರೂ ಉರಿಯುತ್ತಿರಬಾರದು. ಗುಳ್ಳೆ ನಿಂತ ಮೇಲೆ ಎಥನಾಲ್, ಅದೂ ಶಾಂತವಾದ ಮೇಲೆ ನೀರು, ಅದೂ ಹನಿಹನಿಯಾಗಿ. ಗುಳ್ಳೆ ನಿಂತಂತೆ ಕಂಡರೂ ತಳದಲ್ಲಿ ಗಟ್ಟಿ ಉಂಡೆ ಉಳಿದಿರುತ್ತದೆ, ಒಮ್ಮೆ ಕಲಕಿ ನೋಡದೆ ಮುಂದಿನದಕ್ಕೆ ಹೋಗಬೇಡಿ. ಜಾರ್, ಗುಂಡು, ಫಿಲ್ಟರ್, ಒರೆಸಿದ ಟಿಶ್ಯೂ ಎಲ್ಲಕ್ಕೂ ಇದೇ ಕ್ರಮ. ಟಿಶ್ಯೂ ಹೊತ್ತಿಕೊಳ್ಳುವುದೇ ಹೆಚ್ಚು, ಅದನ್ನು ಒಣಗಲು ಬಿಡದೆ ಟಾಲ್ಯೂಯಿನ್‌ನಲ್ಲೇ ಇಡಿ.